ಅಪ್ಪನ ಜೊತೆ ನಿಂತವರಿಗೆಲ್ಲ

ಅಪ್ಪ ಹೋಗಿ ಒಂದು ವರ್ಷವಾಯಿತು. ಆಗ ಮನೆಗೆ ಬಂದವರಿಗೆ, ಫೋನ್ ಮಾಡಿದವರಿಗೆ, ರಕ್ತ ಕೊಟ್ಟವರಿಗೆ ಒಂದು ಮಾತು ಹೇಳುವಷ್ಟು ಸಮಾಧಾನವೂ ನಮಗೆ ಇರಲಿಲ್ಲ. ಈಗ ಹೇಳುತ್ತಿದ್ದೇನೆ.

ಮೊದಲು ರಾತ್ರಿ ಪಾಳಿಯ ನರ್ಸ್‌ಗಳಿಗೆ. ನೀವು ಅಪ್ಪನನ್ನು ‘ಹವಾಲ್ದಾರ್ ಸಾಬ್’ ಅಂತಲೇ ಕರೆಯುತ್ತಿದ್ದಿರಿ. ಹಾಗೆ ಕರೆದರೆ ಮಾತ್ರ ಅವರು ಮರುಮಾತಿಲ್ಲದೆ ಮಾತ್ರೆ ನುಂಗುತ್ತಿದ್ದರು. ನಾವು ಕೊಟ್ಟರೆ ಹತ್ತು ಪ್ರಶ್ನೆ! ರಕ್ತ ಬೇಕೆಂದು ಗೊತ್ತಾದ ಕೂಡಲೇ ಬಂದು ಸಾಲಾಗಿ ನಿಂತ ಪಲ್ಟನ್ನಿನ ಹುಡುಗರಿಗೂ ನಮಸ್ಕಾರ. ನಿಮ್ಮಲ್ಲಿ ಒಬ್ಬರೂ ಅಪ್ಪನನ್ನು ನೋಡಿದವರಲ್ಲ. ‘ನಮ್ಮ ತಂಬಿ ಅಂತೆ, ಬಂದೆವು’ ಅಂದಿರಿ, ಅಷ್ಟೇ. ತಂಬಿ ಅಂದರೆ ತಮಿಳಿನಲ್ಲಿ ತಮ್ಮ.

ಅಪ್ಪ ಮದ್ರಾಸ್ ಸ್ಯಾಪರ್ಸ್‌ನವರು, ಅಂದರೆ ಸೇನೆಯ ಎಂಜಿನಿಯರ್ ಪಡೆಯವರು. ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಎಂ.ಇ.ಜಿ. (ಮದ್ರಾಸ್ ಎಂಜಿನಿಯರ್ ಗ್ರೂಪ್), 1780ರಿಂದ ಬಂದ ಪಡೆ. ದಕ್ಷಿಣದ ಯಾವ ರಾಜ್ಯದವನಾದರೂ ಅಲ್ಲಿ ಸೇರಿದ ಮೇಲೆ ತಂಬಿಯೇ. ನಮಗೆ ಮಾತ್ರ ಚಿಕ್ಕಂದಿನಲ್ಲಿ ಅಪ್ಪ ಅಂದರೆ ಇನ್‌ಲ್ಯಾಂಡ್ ಲೆಟರ್. ಅದರಲ್ಲಿ 56 ಎ.ಪಿ.ಓ. (ಸೇನೆಯ ಅಂಚೆ ಕಚೇರಿ) ಇಲ್ಲವೇ 99 ಎ.ಪಿ.ಓ. ಅಂತ ಇರುತ್ತಿತ್ತೇ ಹೊರತು ಊರಿನ ಹೆಸರು ಇರುತ್ತಿರಲಿಲ್ಲ. 99 ಇದ್ದರೆ ಪೂರ್ವದ ಕಡೆ ಇದ್ದಾರೆ ಎಂದು ಅಮ್ಮ ಲೆಕ್ಕ ಹಾಕುತ್ತಿದ್ದರು. ರಜೆಗೆ ಬಂದಾಗ ‘ಅಲ್ಲಿ ಏನು ಮಾಡ್ತೀರಿ’ ಅಂತ ಕೇಳಿದರೆ, ‘ಕೆಲಸ ಇತ್ತು, ಮಾಡಿದೆವು’ ಎನ್ನುವುದೇ ಉತ್ತರ.

ಆ ಮೌನ ಮುರಿದದ್ದು 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದಾಗ. ಚೂರಲ್‌ಮಲದಲ್ಲಿ ಎಂ.ಇ.ಜಿ.ಯವರು ಮಳೆಯಲ್ಲೇ ಹಗಲು ರಾತ್ರಿ ನಿಂತು 190 ಅಡಿಯ ಬೈಲಿ ಸೇತುವೆ (ಬಿಡಿಭಾಗ ಜೋಡಿಸಿ ಬೇಗ ನಿಲ್ಲಿಸುವ ಉಕ್ಕಿನ ಸೇತುವೆ) ಕಟ್ಟುವುದನ್ನು ಟಿವಿಯಲ್ಲಿ ತೋರಿಸುತ್ತಿದ್ದರು. ಅಪ್ಪನಿಗೆ ಆಗಲೇ ಹುಷಾರಿರಲಿಲ್ಲ. ಆದರೂ ಎದ್ದು ಕೂತರು. ಲ್ಯಾಬ್ ರಿಪೋರ್ಟಿನ ಹಿಂದೆ ಚಿತ್ರ ಬರೆದು ನಮಗೆ ಪಾಠ ಶುರು ಮಾಡಿದರು. ಒಂದು ಪ್ಯಾನಲ್, ಅಂದರೆ ಉಕ್ಕಿನ ಚೌಕಟ್ಟು, 10 ಅಡಿ ಉದ್ದ, ಸುಮಾರು 260 ಕಿಲೋ, ಅದನ್ನು ಎತ್ತಲು ಆರು ಜನ. ಪ್ಯಾನಲ್‌ಗೆ ಪ್ಯಾನಲ್ ಕೂಡಿಸಿ ಪಿನ್ ಹೊಡೆಯುವುದು. ಸೇತುವೆಯನ್ನು ಈಚೆ ದಡದಲ್ಲೇ ಕಟ್ಟಿ, ರೋಲರ್ ಮೇಲೆ ಆಚೆಗೆ ದೂಡಬೇಕು. ಆಚೆ ದಡ ಮುಟ್ಟುವ ಮೊದಲೇ ವಾಲಿಬಿಟ್ಟರೆ ಕೆಲಸ ಕೆಟ್ಟಿತು. ಅದಕ್ಕೇ ಮುಂದೆ ಹಗುರವಾದ ‘ಮೂಗು’, ಹಿಂದೆ ಭಾರ. ಆಗಸ್ಟ್ 1ರಂದು ಸೇತುವೆ ಮುಗಿದು ಮೊದಲ ಗಾಡಿ ದಾಟಿದಾಗ, ತಾವೇ ಪಿನ್ ಹೊಡೆದವರ ಹಾಗೆ ಬೀಗಿದರು. ಆ ಪಡೆಯವರಿಗೆ ನನ್ನ ಪರಿಚಯ ಇಲ್ಲ. ಆದರೂ ಹೇಳುತ್ತೇನೆ: ನಿಮ್ಮಿಂದ ನಮಗೆ ಅಪ್ಪನ ಬಾಯಿಂದಲೇ ಅಪ್ಪನ ಕೆಲಸ ಗೊತ್ತಾಯಿತು.

ಇನ್ನು ಪಲ್ಟನ್ನಿನಲ್ಲಿ ಅಪ್ಪನ ಜೊತೆಗಿದ್ದ, ನಾವು ಚಿಕ್ಕಪ್ಪ ಎನ್ನುವ ಕೇರಳದವರು. ಪ್ಯಾನಲ್ ಎತ್ತುವಾಗ ಒಂದೇ ಎತ್ತರದವರನ್ನು ಜೋಡಿ ಮಾಡಬೇಕಂತೆ, ಇಲ್ಲದಿದ್ದರೆ ಭಾರವೆಲ್ಲ ಗಿಡ್ಡನ ಮೇಲೆ ಬೀಳುತ್ತದೆ. ಅಪ್ಪ ಗಿಡ್ಡ, ಚಿಕ್ಕಪ್ಪನೂ ಗಿಡ್ಡ. ಹಾಗಾಗಿ ಜೋಡಿ. ಸುದ್ದಿ ಕೇಳಿ ರಿಸರ್ವೇಷನ್ ಇಲ್ಲದ ರೈಲು ಹತ್ತಿ ಬಂದರು, ಅಪ್ಪ ಇರುವವರೆಗೂ ವಾರ್ಡಿನ ಹೊರಗೇ ಇದ್ದರು. ಅಪ್ಪನ ಎಡಗೈಯ ಒಂದು ಬೆರಳಿಗೆ ಉಗುರು ಇರಲಿಲ್ಲ. ‘ಬಾಗಿಲಿಗೆ ಸಿಕ್ಕಿತ್ತು’ ಎಂದೇ ನಾವು ನಂಬಿದ್ದೆವು. ಚಿಕ್ಕಪ್ಪ ನಕ್ಕುಬಿಟ್ಟರು. ದೀಪ ಹಾಕದೆ ಕೆಲಸ ಮಾಡುವ ರಾತ್ರಿ ಅಭ್ಯಾಸದಲ್ಲಿ ಆ ಬೆರಳು ಎರಡು ಪ್ಯಾನಲ್ ನಡುವೆ ಸಿಕ್ಕಿತ್ತಂತೆ. ಕೈ ಬಿಟ್ಟಿದ್ದರೆ ಉಳಿದ ಐವರ ಕಾಲು ಹೋಗುತ್ತಿತ್ತು. ಪ್ಯಾನಲ್ ಸರಿಯಾಗಿ ಕೂರುವವರೆಗೂ ಅಪ್ಪ ಬಾಯಿ ಬಿಡಲಿಲ್ಲವಂತೆ. ಚಿಕ್ಕಪ್ಪಾ, ಇದನ್ನು ಅಪ್ಪನ ಎದುರೇ ಹೇಳಿ ಅವರಿಂದ ಬೈಸಿಕೊಂಡಿರಲ್ಲ, ಆ ಬೈಗುಳ ಕೇಳಿಸಿದ್ದಕ್ಕೂ ನಿಮಗೆ ಋಣಿ.

ಆಮೇಲಿನದು ಕಾಗದ ಪತ್ರದ ಓಡಾಟ. ಸೇನೆಯ ದಾಖಲೆಯಲ್ಲಿ ಅಮ್ಮನ ಹೆಸರು ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ. ನಮ್ಮ ಹಾಗೆ ಅಪ್ಪಂದಿರು ಸೇನೆಯಲ್ಲಿದ್ದವರು ಇದನ್ನು ಅವರು ಇರುವಾಗಲೇ ನೋಡಿಕೊಳ್ಳಿ, ಆಮೇಲೆ ಜಾಸ್ತಿ ಕಷ್ಟ. ಅಮ್ಮನನ್ನು ಕಚೇರಿಯಿಂದ ಕಚೇರಿಗೆ ಸ್ಕೂಟರಿನಲ್ಲಿ ಕರೆದುಕೊಂಡು ಹೋದ ನಿವೃತ್ತ ಸುಬೇದಾರರಿಗೆ ಏನು ಹೇಳಿದರೂ ಕಡಿಮೆಯೇ. ಈಗ ಅಮ್ಮನಿಗೆ ಪಿಂಚಣಿ ಬರುತ್ತಿದೆ, ಮಾಜಿ ಸೈನಿಕರ ಕುಟುಂಬದ ಚಿಕಿತ್ಸೆಗೆ ಇರುವ ಇ.ಸಿ.ಎಚ್.ಎಸ್. ಕಾರ್ಡೂ ಸರಿಯಾಗಿದೆ.

ಅಪ್ಪನ ಜೊತೆ ಕೆಲಸ ಮಾಡಿದವರು ಇನ್ನೂ ಯಾರಾದರೂ ಇದ್ದರೆ ದಯವಿಟ್ಟು ಅಮ್ಮನಿಗೆ ಫೋನ್ ಮಾಡಿ. ಅಮ್ಮ ಕ್ವಾರ್ಟರ್ಸ್‌ನಲ್ಲಿ ಇದ್ದವರು, ಅವರಿಗೆ ತಮಿಳು, ಹಿಂದಿ ಎರಡೂ ನಡೆಯುತ್ತದೆ. ಬೆರಳಿನ ವಿಷಯ ಗೊತ್ತಾದಾಗಿನಿಂದ, ಇನ್ನೂ ಏನೇನು ಮುಚ್ಚಿಟ್ಟಿದ್ದರೋ ಅಂತ ಅವರು ಪಟ್ಟಿ ಮಾಡಿಟ್ಟುಕೊಂಡು ಕೂತಿದ್ದಾರೆ.