ಸ್ಕ್ಯಾನ್ ಯಂತ್ರಕ್ಕೆ ಬೀಗ ಯಾಕೆ?

ಮಾನ್ಯರೇ,

ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ಕಣ್ಣಿನ ಸ್ಕ್ಯಾನ್ ವರದಿ ನೆನೆಸಿಕೊಂಡರೆ ಮೈ ಉರಿಯುತ್ತದೆ. ತಲೆಬುರುಡೆಯೊಳಗೆ ಒತ್ತಡ ಏರಿದೆಯಾ ಅಂತ ಕಣ್ಣಿನ ಅಲ್ಟ್ರಾಸೌಂಡ್‌ನಲ್ಲಿ ನೋಡುವ ಸೌಲಭ್ಯ ಹಗಲೂ ರಾತ್ರಿ ಇದೆ ಎಂದು ಆಸ್ಪತ್ರೆಯ ಅಧಿಕಾರಿಗಳು ಹೇಳಿದ್ದಾರೆ. ನೀವು ಅದನ್ನು ಹಾಗೇ ಅಚ್ಚು ಹಾಕಿದ್ದೀರಿ. ವರದಿ ಬಂದ ದಿನವೇ ರಾತ್ರಿ ನಾನು ಅದೇ ಆಸ್ಪತ್ರೆಯ ತುರ್ತು ಚಿಕಿತ್ಸಾ ಘಟಕದಲ್ಲಿ ನಿಂತಿದ್ದೆ. ಯಾವ ಆಸ್ಪತ್ರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಓದುವವರಿಗೆಲ್ಲ ಗೊತ್ತು.

ನನ್ನ ತಮ್ಮ ಏಣಿಯಿಂದ ಬಿದ್ದು ತಲೆಗೆ ಏಟು ಮಾಡಿಕೊಂಡಿದ್ದ. ಮೊದಲು ಚೆನ್ನಾಗಿಯೇ ಮಾತಾಡುತ್ತಿದ್ದ. ಆಮೇಲೆ ತಲೆ ಸಿಡಿಯುತ್ತಿದೆ ಅಂದ, ಎರಡು ಸಲ ವಾಂತಿ ಮಾಡಿದ, ಕೂಗಿ ಕರೆದರೂ ಕಣ್ಣು ಬಿಡದಷ್ಟು ಮಂಪರು ಹತ್ತಿತು. ಸಿ.ಟಿ. ಸ್ಕ್ಯಾನ್ ಕೆಟ್ಟಿದೆ ಅಂದರು. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ, "ಅಲ್ಟ್ರಾಸೌಂಡ್ ಯಂತ್ರ ತನ್ನಿ, ಕಣ್ಣಲ್ಲಿ ನೋಡ್ತೀನಿ, ಎರಡು ನಿಮಿಷದ ಕೆಲಸ" ಅಂದರು. ಯಂತ್ರ ಪಕ್ಕದ ಕೋಣೆಯಲ್ಲೇ ಇತ್ತು. ಕೋಣೆಗೆ ಬೀಗ ಹಾಕಿತ್ತು. ಕೀಲಿ ಇಟ್ಟುಕೊಂಡವರು ಸಂಜೆ 6ಕ್ಕೇ ಮನೆಗೆ ಹೋಗಿದ್ದರು. ಐದಾರು ಸಲ ಫೋನ್ ಮಾಡಿದ ಮೇಲೆ ಎತ್ತಿಕೊಂಡು, "ಅದು ಹೊಟ್ಟೆ ನೋಡೋ ಯಂತ್ರ, ಕಣ್ಣಿಗಲ್ಲ" ಅಂದರು. ಅಷ್ಟೇ, ಫೋನ್ ಇಟ್ಟರು. ಗಾಜಿನ ಕಿಟಕಿಯಾಚೆ ಯಂತ್ರ ಕಾಣುತ್ತಿತ್ತು. ಈಚೆ ನನ್ನ ತಮ್ಮ ಸ್ಟ್ರೆಚರ್ ಮೇಲೆ ಮಲಗಿದ್ದ.

ಬೇರೆ ಆಸ್ಪತ್ರೆಗೆ ಕಳಿಸಬೇಕಾದರೆ ಮೂರನೇ ಮಹಡಿಗೆ ಹೋಗಿ ಸಹಿ ತನ್ನಿ ಅಂದರು. ಲಿಫ್ಟ್ ಇಲ್ಲ. ಹತ್ತಿ ಹೋದರೆ ಸಹಿ ಹಾಕುವವರು ಕೆಳಗಿದ್ದಾರೆ ಅಂದರು. ಇಳಿದು ಬಂದರೆ ಫಾರಂ ಬೇರೆ ಅಂದರು. ನನ್ನ ಫೋನಿನ ಚಾರ್ಜ್ ಮುಗಿಯಿತು. ಮನೆಯಲ್ಲಿ ಅಮ್ಮ ಒಬ್ಬರೇ, ಸುದ್ದಿ ತಿಳಿಸಲೂ ಆಗಲಿಲ್ಲ. ಕೊನೆಗೆ ಆ ಡಾಕ್ಟರಮ್ಮನೇ ಹಟ ಹಿಡಿದು, ತಾವೇ ಕಾಗದ ಬರೆದು ನಮ್ಮನ್ನು ಬೇರೆ ಆಸ್ಪತ್ರೆಗೆ ಕಳಿಸಿದರು. ಅವರ ಮೇಲೆ ನನಗೆ ಒಂದಿಷ್ಟೂ ಕೋಪವಿಲ್ಲ.

ಅಲ್ಲಿ ಸಿ.ಟಿ.ಗೆ ಒಯ್ಯುವ ಮೊದಲೇ ಮುಚ್ಚಿದ ರೆಪ್ಪೆಯ ಮೇಲೆ ಜೆಲ್ ಹಾಕಿ, ಅಲ್ಟ್ರಾಸೌಂಡ್ ಯಂತ್ರದ ಪ್ರೋಬನ್ನು ಒತ್ತದೆ ಹಗುರವಾಗಿ ಇಟ್ಟು ನೋಡಿದರು. ಕಣ್ಣಿನಿಂದ ಮೆದುಳಿಗೆ ಹೋಗುವ ನರಕ್ಕೆ ಒಂದು ಹೊದಿಕೆ ಇದೆಯಂತೆ. ಅದು ಮೆದುಳಿನ ಹೊದಿಕೆಯದೇ ಮುಂದುವರಿದ ಭಾಗ. ಮೆದುಳಿನ ಸುತ್ತಲಿನ ನೀರು ಅದರೊಳಗೂ ಇರುತ್ತದೆ. ಬುರುಡೆಯೊಳಗೆ ಒತ್ತಡ ಏರಿದರೆ ಆ ನೀರು ಇತ್ತ ನುಗ್ಗಿ ಹೊದಿಕೆ ಉಬ್ಬುತ್ತದೆ. ಕಣ್ಣುಗುಡ್ಡೆಯ ಹಿಂದೆ 3 ಮಿಲಿಮೀಟರ್ ದೂರದಲ್ಲಿ ಅದರ ಅಗಲ ಅಳೆಯುತ್ತಾರೆ. ದೊಡ್ಡವರಲ್ಲಿ ಸುಮಾರು 5 ಮಿಲಿಮೀಟರ್ ದಾಟಿದರೆ ಅನುಮಾನ ಪಡಬೇಕು. ಕೆಲವರು ಇನ್ನೂ ಸ್ವಲ್ಪ ಮೇಲಿನ ಗೆರೆ ಹಿಡಿಯುತ್ತಾರೆ. ಮಕ್ಕಳಲ್ಲಿ ಆ ಗೆರೆ ಕಡಿಮೆ. ನನ್ನ ತಮ್ಮನದು ಎರಡೂ ಕಣ್ಣಲ್ಲಿ 6 ದಾಟಿತ್ತು. ಡಾಕ್ಟರ ಮುಖ ನೋಡಿಯೇ ನನ್ನ ಕೈಕಾಲು ತಣ್ಣಗಾದವು. ಸಿ.ಟಿ.ಯಲ್ಲಿ ರಕ್ತ ಹೆಪ್ಪುಗಟ್ಟಿದ್ದು ಕಂಡಿತು, ರಾತ್ರಿಯೇ ಆಪರೇಷನ್ ಆಯಿತು. ಈಗ ಕಣ್ಣು ಬಿಟ್ಟಿದ್ದಾನೆ.

ಈ ಕಣ್ಣಿನ ಸ್ಕ್ಯಾನ್‌ಗೆ ಸೂಜಿ ಬೇಡ, ವಿಕಿರಣವಿಲ್ಲ. ಒತ್ತಡ ಎಷ್ಟು ಅಂತ ನಿಖರವಾಗಿ ಅಳೆಯಬೇಕಾದರೆ ಬುರುಡೆ ಕೊರೆದು ನಳಿಕೆ ಇಡಬೇಕು. ಅದು ಎಲ್ಲ ಕಡೆ, ಎಲ್ಲರಿಗೂ ಆಗುವ ಕೆಲಸವಲ್ಲ. ಬೆಳಕು ಬಿಡುವ ಉಪಕರಣದಿಂದ ಕಣ್ಣಿನ ಹಿಂಭಾಗ ನೋಡೋಣ ಅಂದರೆ ಅಲ್ಲಿ ಊತ ಕಾಣಲು ಎಷ್ಟೋ ಗಂಟೆ, ಒಮ್ಮೊಮ್ಮೆ ದಿನಗಳೇ ಬೇಕು. ಹೊದಿಕೆ ಹಾಗಲ್ಲ, ಬೇಗ ಉಬ್ಬುತ್ತದೆ. ಕಣ್ಣುಗುಡ್ಡೆಯೇ ಒಡೆದಿರುವ ಅನುಮಾನ ಇದ್ದರೆ ಮಾತ್ರ ಈ ಸ್ಕ್ಯಾನ್ ಮಾಡಬಾರದು.

ನಿಮ್ಮ ವರದಿಗಾರರಿಗೂ ಒಂದು ಮಾತು. 'ಕಣ್ಣಿನ ಒತ್ತಡ ಪತ್ತೆ' ಅಂತ ಬರೆದಿದ್ದೀರಿ. ಅದು ಕಣ್ಣುಗುಡ್ಡೆಯೊಳಗಿನ ಒತ್ತಡ, ಗ್ಲಾಕೋಮಾ ಅನ್ನುವ ಕಣ್ಣಿನ ರೋಗದ ವಿಷಯ, ಇದು ಬುರುಡೆಯೊಳಗಿನ ಒತ್ತಡ. 'ಇನ್ನು ಸಿ.ಟಿ. ಬೇಡ' ಅಂತಲೂ ಬರೆದಿದ್ದೀರಿ. ಅದೂ ತಪ್ಪು. ಕಣ್ಣಿನ ಸ್ಕ್ಯಾನ್ ಸುಳಿವು ಕೊಡುತ್ತದೆ, ಯಾವ ರೋಗಿಯನ್ನು ಮೊದಲು ನೋಡಬೇಕು ಅಂತ ಹೇಳುತ್ತದೆ. ಒತ್ತಡ ಯಾಕೆ ಏರಿತು ಅನ್ನುವುದಕ್ಕೆ ಸಿ.ಟಿ. ಬೇಕೇ ಬೇಕು. ಅಳೆಯುವವರಿಗೆ ಕೈ ಪಳಗಿರಬೇಕು, ಇಲ್ಲದಿದ್ದರೆ ಅರ್ಧ ಮಿಲಿಮೀಟರ್ ಆಚೀಚೆಯಾಗಿ ಎಲ್ಲ ತಲೆಕೆಳಗಾಗುತ್ತದೆ. ಅಧಿಕಾರಿ ಹೇಳಿದ್ದನ್ನು ಬರೆಯುವ ಮೊದಲು ಒಬ್ಬ ಡಾಕ್ಟರನ್ನಾದರೂ ಕೇಳಬೇಕಿತ್ತು, ಅಲ್ವಾ?

ಈ ಅಧಿಕಾರಿಗಳದು ಇವತ್ತಿನ ಕಥೆಯಲ್ಲ. ಹೋದ ವರ್ಷ ಇದೇ ಆಸ್ಪತ್ರೆಯಲ್ಲಿ ಅಮ್ಮನಿಗೆ ಗಾಲಿಕುರ್ಚಿ ಸಿಗದೆ ನಾನು ಎತ್ತಿಕೊಂಡು ಹೋದೆ. ದೂರು ಪುಸ್ತಕ ಕೇಳಿದರೆ ಅದೂ ಬೀರುವಿನಲ್ಲಿತ್ತು, ಬೀರುವಿಗೂ ಬೀಗ. ಬರೆದು ಕೊಟ್ಟ ದೂರಿಗೆ ಇವತ್ತಿನವರೆಗೂ ಉತ್ತರ ಬಂದಿಲ್ಲ. ಯಂತ್ರ ಬಂದ ದಿನ ಮಾತ್ರ ಫೋಟೊಗೆ ಎಲ್ಲರೂ ನಿಂತಿದ್ದರು. ಅದನ್ನು ಬಳಸಲು ಯಾರಿಗೆ ಕಲಿಸಿದಿರಿ? ರಾತ್ರಿ ಪಾಳಿಯಲ್ಲಿ ಯಾರಿದ್ದಾರೆ?

ಯಂತ್ರವನ್ನು ತುರ್ತು ಘಟಕಕ್ಕೆ ತಂದಿಡಿ. ಡ್ಯೂಟಿ ಡಾಕ್ಟರುಗಳಿಗೆಲ್ಲ ಕಲಿಸಿ. ಸಿ.ಟಿ. ರಿಪೇರಿ ಮಾಡಿಸಿ. ಒಟ್ಟಿನಲ್ಲಿ ಏನಾದರೂ ಮಾಡಿ, ಸುಮ್ನೆ ಪತ್ರಿಕೆಗೆ ಹೇಳಿಕೆ ಕೊಡಬೇಡಿ. ಈ ಪತ್ರ ಅಚ್ಚಾದ ದಿನವೂ ಆ ಬಾಗಿಲಿಗೆ ಬೀಗ ಇದ್ದರೆ, ಸಂಬಂಧಪಟ್ಟವರಿಗೆ ನಾಚಿಕೆಯಾಗಬೇಕು.

– ನೊಂದ ಓದುಗ