24ನೇ ತಾರೀಖು ನೀನು ಊಟ ಮಾಡಬೇಕು

ಪ್ರೀತಿಯ ಪುಟ್ಟಿಗೆ,

ನೀನು ವಾರ್ಡಿನಲ್ಲಿ ತಲೆಸುತ್ತಿ ಬಿದ್ದ ಸುದ್ದಿಯನ್ನು ಅಳಿಯಂದಿರು ಶನಿವಾರ ರಾತ್ರಿ ಹೇಳಿದರು. ಆಮೇಲೆ ನಾವು ಆಡಿದ ಮಾತೆಲ್ಲ ಇಬ್ಬರಿಗೂ ನೆನಪಿದೆ, ಮತ್ತೆ ಬರೆಯುವುದಿಲ್ಲ. ನನ್ನ ದನಿ ಏರಿತ್ತು, ಅದಕ್ಕೆ ಬೇಸರವಿದೆ. ಆದರೆ ಫೋನ್ ಇಡುವ ಮೊದಲು "ಅಜ್ಜಿ ಉಪವಾಸ ಮಾಡ್ತಿರ್ಲಿಲ್ವಾ ಅಪ್ಪ?" ಅಂದೆಯಲ್ಲ, ಅದಕ್ಕೆ ಆಗ ನನಗೆ ಉತ್ತರ ಹೇಳಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಂಚೆಗೆ ಹಾಕಿದರೆ ಜರ್ಮನಿ ಮುಟ್ಟುವಷ್ಟರಲ್ಲಿ ಹಬ್ಬವೇ ಮುಗಿದಿರುತ್ತದೆ. ಹಾಳೆಗಳ ಫೋಟೋ ತೆಗೆದು ಕಳಿಸುತ್ತೇನೆ, ದೊಡ್ಡದು ಮಾಡಿಕೊಂಡು ಓದು.

ಐದು ತಿಂಗಳ ಬಸುರಿ ನೀನು. ಅದರ ಮೇಲೆ ರಾತ್ರಿ ಪಾಳಿ. ಅದರ ಮೇಲೆ ಬುಧವಾರ, ಶುಕ್ರವಾರ, ಶನಿವಾರ ಒಪ್ಪೊತ್ತು. ಎಂಬರ್ ದಿನಗಳು, ಹಳೆಯ ಕಥೋಲಿಕ ಪದ್ಧತಿಯ ಉಪವಾಸದ ದಿನಗಳು, ಅಂದೆ. ನನಗೆ ಗೊತ್ತು ಮಗಳೇ, ಇಷ್ಟು ವರ್ಷ ಧರ್ಮೋಪದೇಶದ ಮಕ್ಕಳಿಗೆ ಪಾಠ ಹೇಳಿದವನು ನಾನು. ವರ್ಷಕ್ಕೆ ನಾಲ್ಕು ಸಲ, ಸಲಕ್ಕೆ ಮೂರು ದಿನ, ಒಟ್ಟು ಹನ್ನೆರಡು. ಡಿಸೆಂಬರಿನವು ಸಂತ ಲೂಸಿಯ ಹಬ್ಬವಾದ 13ನೇ ತಾರೀಖಿನ ನಂತರ ಬರುತ್ತವೆ. 1917ರ ಧರ್ಮಸಭೆಯ ಕಾನೂನಿನಲ್ಲಿ ಅವೆಲ್ಲ ಕಡ್ಡಾಯ. ಎಲ್ಲ ಶುಕ್ರವಾರ ಮಾಂಸ ಬಿಡಬೇಕು, ಭಾನುವಾರ ಬಿಟ್ಟು ಈಸ್ಟರಿಗೆ ಮುಂಚಿನ ಇಡೀ ತಪಸ್ಸು ಕಾಲ ಉಪವಾಸ, ಕ್ರಿಸ್ಮಸ್, ಪೆಂತೆಕೋಸ್ತು, ಆಗಸ್ಟ್ 15ರ ಮಾತೆಯ ಹಬ್ಬ, ಸಕಲ ಸಂತರ ಹಬ್ಬ ಇವುಗಳ ಹಿಂದಿನ ದಿನವೂ ಉಪವಾಸ. ಹಬ್ಬ ದೊಡ್ಡದಾದಷ್ಟೂ ಅದರ ಬಾಗಿಲಲ್ಲಿ ಹಸಿದು ನಿಲ್ಲಬೇಕು ಅನ್ನುವ ಭಾವ ಅದು. ಅದನ್ನು ನಾನು ಗೌರವಿಸುತ್ತೇನೆ. ನೀನು ಅಲ್ಲಿ ಸೇರಿರುವ, ಆ ಹಳೆಯ ನಿಯಮ ಹಿಡಿದಿರುವ ಲ್ಯಾಟಿನ್ ಪೂಜೆಯ ಗುಂಪಿನವರ ಮೇಲೆ ನನಗೆ ಸಿಟ್ಟಿಲ್ಲ. ಹೊರದೇಶದಲ್ಲಿ ನಿನಗೆ ಜೊತೆ ಕೊಟ್ಟವರು, ಜಪಸರ ಹಿಡಿದು ಪಕ್ಕದಲ್ಲಿ ಮೊಣಕಾಲೂರಿದವರು.

ಈಗ ಅಜ್ಜಿಯ ವಿಷಯ.

ನಿನಗೆ ಗೊತ್ತಿರುವುದು ಉಪವಾಸದ ಅಜ್ಜಿ. ಆ ಕಥೆ ಹೇಳಿದವನು ನಾನೇ. ಅವ್ವ ತಪಸ್ಸು ಕಾಲದಲ್ಲಿ ಒಪ್ಪೊತ್ತು ಉಂಡು ಗದ್ದೆ ಕೆಲಸ ಮಾಡುತ್ತಿದ್ದಳು, ಶುಭ ಶುಕ್ರವಾರ ಶಿಲುಬೆ ಹಾದಿ ಮುಗಿಯುವವರೆಗೆ ನೀರೂ ಮುಟ್ಟುತ್ತಿರಲಿಲ್ಲ, ಎಲ್ಲ ನಿಜ. ಪೂಜೆಯಲ್ಲಿ ಸ್ವೀಕರಿಸುವ ಪರಮಪ್ರಸಾದಕ್ಕೆ ಮುಂಚೆ ನೀರು ಕುಡಿಯಬಹುದು ಅಂತ 1953ರಲ್ಲೇ ಪೋಪ್ ಹನ್ನೆರಡನೇ ಪಿಯುಸರು ಹೇಳಿದ್ದರೂ ಅವ್ವ ಕುಡಿಯಲಿಲ್ಲ. ನಡುರಾತ್ರಿಯಿಂದ ಹಿಡಿಯಬೇಕಿದ್ದ ಆ ಉಪವಾಸ 1957ರಲ್ಲಿ ಮೂರು ಗಂಟೆಗೆ ಇಳಿಯಿತು, 1964ರಲ್ಲಿ ಒಂದು ಗಂಟೆಗೆ. ಅವಳ ಲೆಕ್ಕ ಮಾತ್ರ ಕೊನೆಯವರೆಗೂ ನಡುರಾತ್ರಿಯಿಂದಲೇ.

ಆದರೆ 1963ರ ಕ್ರಿಸ್ಮಸ್ಸಿನ ಹಿಂದಿನ ದಿನದ ಸಂಗತಿಯನ್ನು ನಿನಗೆ ಹೇಳಿರಲಿಲ್ಲ. ಆಗ ನಿನ್ನ ಚಿಕ್ಕಪ್ಪ ಹೊಟ್ಟೆಯಲ್ಲಿದ್ದ. ನನಗೆ ಆರು ವರ್ಷ. ಕಣದಲ್ಲಿ ಭತ್ತದ ಒಕ್ಕಣೆ, ಒಲೆ ಮೇಲೆ ಕಜ್ಜಾಯದ ಪಾಕ, ಕುಕ್ಕೆ ಕೆಳಗೆ ಹಬ್ಬದ ಕೋಳಿ. ಅವ್ವ ಬಾಯಿಗೆ ಏನನ್ನೂ ಹಾಕುವ ಹಾಗಿಲ್ಲ, ಅದಕ್ಕೆ ರುಚಿ ನೋಡಲು ನಾನು. "ನಿಂಗಿನ್ನೂ ಚಿಕ್ಕ ವಯಸ್ಸು, ನೀ ತಿನ್ನು, ಬೆಲ್ಲ ಸಾಕಾ ಹೇಳು" ಅಂತ ಬೆರಳ ತುದಿಯಲ್ಲಿ ಹಚ್ಚುತ್ತಿದ್ದಳು. ಆ ಬೆರಳು ನಡುಗುತ್ತಿತ್ತು. ಪಕ್ಕದ ಮನೆಯವರು ಶಿವರಾತ್ರಿಗೆ ನಿರಾಹಾರ ಇರುವವರು, ಅವರೇ "ಬಸುರಿ ಹೆಂಗ್ಸು ಹಿಂಗೆಲ್ಲ ಇರ್ಬಾರ್ದು ಕಣವ್ವ" ಅಂದು ಹೋದರು. ಅವ್ವ ಕೇಳಲಿಲ್ಲ. ಮಧ್ಯಾಹ್ನ ಉಣ್ಣಬೇಕಾದ ಒಂದು ಊಟವನ್ನೂ ಬಿಟ್ಟು ಪಾಪನಿವೇದನೆಗೆ ಗುಡಿಗೆ ಹೋದಳು.

ಹೋದವಳು ಬೇಗ ವಾಪಸು ಬಂದಳು. ಯಾರ ಹತ್ತಿರವೂ ಮಾತಾಡದೆ ತಟ್ಟೆ ಹಾಕಿಕೊಂಡು, ಬಾಗಿಲ ಹಿಂದೆ ಕೂತು, ತಣ್ಣಗಾಗಿದ್ದ ಮುದ್ದೆಯನ್ನು ಅವರೆಕಾಳು ಸಾರಿನಲ್ಲಿ ಅದ್ದಿ ಅದ್ದಿ ನುಂಗಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಾನು ನೋಡುತ್ತಾ ನಿಂತಿದ್ದೆ. "ಸ್ವಾಮ್ಯೋರು ಉಣ್ಣು ಅಂದವ್ರೆ" ಅಂದಳು, ಅಷ್ಟೇ. ನಾನು ದೊಡ್ಡವನಾದ ಮೇಲೆ ಪೂರ್ತಿ ಹೇಳಿದಳು. ಸ್ವಾಮಿಗಳು ಅವಳ ಮುಖ ನೋಡಿದವರೇ ಊಟ ಆಯಿತಾ ಅಂತ ಕೇಳಿದರಂತೆ. ಇಲ್ಲ ಅಂದದ್ದಕ್ಕೆ, ಹೋಗಿ ಉಂಡು ರಾತ್ರಿ ಬಲಿಪೂಜೆಗೆ ಬಾ, ಇದು ನನ್ನ ಅಪ್ಪಣೆ ಅಂದರಂತೆ.

ಪುಟ್ಟಿ, ಅವ್ವ ಅತ್ತದ್ದು ಯಾಕೆ ಅಂತ ಇವತ್ತಿಗೂ ಯೋಚಿಸುತ್ತೇನೆ. ವ್ರತ ಮುರಿಯಿತು ಅಂತಲೋ, ಇಷ್ಟು ಹೊತ್ತು ತಡೆದ ಹಸಿವಿಗೋ, ಯಾರೋ ಒಬ್ಬರು ಅವಳನ್ನು ಉಂಡೆಯಾ ಅಂತ ಕೇಳಿದ್ದಕ್ಕೋ. ಮನೆಯಲ್ಲಿ ಎಲ್ಲರಿಗೂ ಬಡಿಸುವವಳನ್ನು ಯಾರು ಕೇಳುತ್ತಿದ್ದರು? ನಾನಂತೂ ಬೆಳಿಗ್ಗೆಯಿಂದ ಕಜ್ಜಾಯ ತಿನ್ನುತ್ತಲೇ ಇದ್ದೆ. ಶನಿವಾರದಿಂದ ನನಗೆ ಆ ಬೆರಳೇ ಕಾಣುತ್ತಿದೆ. ಅವ್ವ ಎಣ್ಣೆ ಬಾಣಲೆಯ ಮುಂದೆ ಬಿದ್ದಿದ್ದರೆ? ನೀನು ವಾರ್ಡಿನ ಬದಲು ಮೆಟ್ಟಿಲ ಮೇಲೆ ಬಿದ್ದಿದ್ದರೆ? ನಿಮ್ಮಮ್ಮ ಮಲಗು ಅಂತಾಳೆ, ಮಲಗುತ್ತೇನೆ, ಮತ್ತೆ ಅದೇ ಬಾಗಿಲ ಹಿಂದೆ ಹೋಗಿ ನಿಲ್ಲುತ್ತೇನೆ.

ನಿನಗೆ ಹೇಳಬೇಕಾದ್ದು ಇದು. ಆ ಸ್ವಾಮಿಗಳು ಹೊಸ ಕಾಲದವರಲ್ಲ, ಲ್ಯಾಟಿನ್ನಿನಲ್ಲೇ ಪೂಜೆ ಮಾಡುತ್ತಿದ್ದವರು. ಪೋಪ್ ಆರನೇ ಪೌಲರು ನಿಯಮ ಸಡಿಲಿಸಿದ್ದು 1966ರ ಫೆಬ್ರವರಿಯಲ್ಲಿ. ಇದು ಅದಕ್ಕೂ ಮುಂಚಿನ ಮಾತು. ನೀವು ಹಿಡಿದಿರುವ ಆ ಕಟ್ಟುನಿಟ್ಟಿನ ಕಾಲದಲ್ಲೇ ರೋಗಿಗಳಿಗೆ, ಬಸುರಿ ಬಾಣಂತಿಯರಿಗೆ, ಮೈಮುರಿದು ದುಡಿಯುವವರಿಗೆ ಉಪವಾಸದ ಬಾಧ್ಯತೆ ಇರಲಿಲ್ಲ. ಉಪವಾಸ ಶುರುವಾಗುತ್ತಿದ್ದದ್ದೇ 21 ತುಂಬಿದ ಮೇಲೆ. ಉಪವಾಸ ಇರುವವರಿಗೂ ಒಂದು ಪೂರ್ತಿ ಊಟದ ಜೊತೆಗೆ ಬೆಳಿಗ್ಗೆ, ಸಂಜೆ ಸ್ವಲ್ಪ ಏನಾದರೂ ತಿನ್ನಲು ಅವಕಾಶವಿತ್ತು. ನೀನು ಬರೀ ಕಪ್ಪು ಕಾಫಿ ಕುಡಿದು ಹನ್ನೆರಡು ಗಂಟೆ ನಿಂತದ್ದು ಯಾವ ಪುಸ್ತಕದಲ್ಲಿದೆ? ಹಳೆಯದನ್ನು ಹಿಡಿಯುವುದಾದರೆ ಪೂರ್ತಿ ಹಿಡಿ, ಅದರ ಕರುಣೆಯನ್ನೂ ಸೇರಿಸಿ.

1983ರ ಕಾನೂನಿನಂತೆ ಈಗ ಉಪವಾಸ ಕಡ್ಡಾಯ ಇರುವುದು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಎರಡೇ ದಿನ. ಅದೂ 18ರಿಂದ 59 ತುಂಬುವವರೆಗೆ. ಉಳಿದ ಉಪವಾಸ ಅವರವರ ಭಕ್ತಿ. ಭಕ್ತಿಗೆ ನಾನು ಅಡ್ಡ ಬರುವುದಿಲ್ಲ. ನೀನು ಶುಕ್ರವಾರ ಮಾಂಸ ಬಿಟ್ಟಿರುವುದು, ಆ ಚಳಿಯಲ್ಲಿ ಪಾಳಿ ಮುಗಿಸಿ ನೇರ ಗುಡಿಗೆ ಹೋಗುವುದು, ಇದನ್ನೆಲ್ಲ ಕೇಳಿ ಎಷ್ಟು ಹೆಮ್ಮೆ ಪಟ್ಟಿದ್ದೇನೆ ಅಂತ ನಿಮ್ಮಮ್ಮನನ್ನು ಕೇಳು. ಊರಲ್ಲಿ ಎದುರಾದವರಿಗೆಲ್ಲ ಹೇಳಿಕೊಂಡಿದ್ದೇನೆ. ಈ ಹುಡುಗಿಗೆ ಅವ್ವನ ಹಟ ಬಂದಿದೆ ಅಂತ ಖುಷಿಯೇ ಇತ್ತು. ಅದೇ ಹಟ ಈಗ ಹೆದರಿಸುತ್ತಿದೆ.

ನಿನ್ನ ಇನ್ನೊಂದು ಅನುಮಾನ, ಈ ಸಲ ಕ್ರಿಸ್ಮಸ್ ಶುಕ್ರವಾರ ಬಂದಿದೆಯಲ್ಲ ಅನ್ನುವುದು. ಹಳೆಯ ಕಾನೂನಿನಲ್ಲೂ ಹೊಸದರಲ್ಲೂ ಆ ದಿನ ಮಾಂಸಕ್ಕೆ ಅಡ್ಡಿಯಿಲ್ಲ. ಹಬ್ಬ ಶುಕ್ರವಾರಕ್ಕಿಂತ ದೊಡ್ಡದು. ಧಾರಾಳವಾಗಿ ತಿನ್ನು.

24ರ ಗುರುವಾರ ನಿನ್ನ ಪಾಲಿನ ಒಪ್ಪೊತ್ತನ್ನು ನಾನು ಹಿಡಿಯುತ್ತೇನೆ. ನನಗೆ 59 ದಾಟಿ ಹತ್ತು ವರ್ಷವಾಯಿತು, ಸಕ್ಕರೆ ಮಾತ್ರೆ ಬೇರೆ ಇದೆ ಅಂತ ನಿಮ್ಮಮ್ಮ ಬೈಯುತ್ತಿದ್ದಾಳೆ. ಬೆಳಿಗ್ಗೆ ಎರಡು ಇಡ್ಲಿ, ರಾತ್ರಿ ಗಂಜಿ ಅಂತ ಒಪ್ಪಂದವಾಗಿದೆ. ನಿನಗೆ ಆ ದಿನ ಮೂರು ಹೊತ್ತೂ ಊಟ, ನಡುವೆ ಹಣ್ಣು, ಹಾಲು. ಪಾಳಿ ಬದಲಿಸಿಕೊಡಿ ಅಂತ ಮೇಲಿನವರನ್ನು ಕೇಳು, ಸಂಕೋಚ ಬೇಡ. ನಿಮ್ಮ ಗುಂಪಿನ ಗುರುಗಳ ಹತ್ತಿರ ಬಸುರಿ ಅಂತ ಹೇಳಿದ್ದೀಯೋ ಇಲ್ಲವೋ? ಹೇಳಿರದಿದ್ದರೆ ನಾಳೆಯೇ ಹೇಳು. ನನ್ನ ಮಾತು ಬೇಡ ಅನಿಸಿದರೆ ಅವರ ಮಾತನ್ನಾದರೂ ಕೇಳು.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಎಷ್ಟು ಬಂತು? ಅಳಿಯಂದಿರು ಕಡಿಮೆ ಅಂದರೇ ಹೊರತು ಎಷ್ಟು ಅಂತ ಹೇಳಲಿಲ್ಲ. ರಿಪೋರ್ಟಿನ ಫೋಟೋ ಇವತ್ತೇ ಕಳಿಸು.

ನಿನ್ನ ಅಪ್ಪ