ಶಾಲೆಗೆ ಬಂದ ಹೊಸ ಪುಸ್ತಕಗಳು: ಪೋಷಕರಿಗೆ ಒಂದು ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ.

ಈ ತಿಂಗಳು ನಮ್ಮ ಶಾಲೆಯ ಗ್ರಂಥಾಲಯಕ್ಕೆ ಹೊಸ ಪುಸ್ತಕಗಳು ಬಂದಿವೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ)ಯವರೂ ಹಳೆಯ ವಿದ್ಯಾರ್ಥಿಗಳೂ ಸೇರಿ ಕೊಡಿಸಿದ್ದು. ಹೆಚ್ಚಿನವು ಈಚೆಗಷ್ಟೇ ಅಚ್ಚಾದವು. ಕಥೆ, ಕವಿತೆ, ವಿಜ್ಞಾನ, ಪ್ರವಾಸ, ಪತ್ತೇದಾರಿ, ಕ್ರೀಡೆ, ಚಿತ್ರಕಥೆ, ಬೇರೆ ಭಾಷೆಯಿಂದ ಕನ್ನಡಕ್ಕೆ ಬಂದ ಕಾದಂಬರಿ, ಎಲ್ಲ ಇವೆ. ಆದರೆ ಎಲ್ಲಕ್ಕಿಂತ ಜಾಸ್ತಿ ಇರುವುದು ಯುದ್ಧ ಮತ್ತು ಸೈನ್ಯದ ಇತಿಹಾಸದ ಪುಸ್ತಕಗಳು. ಮಕ್ಕಳೂ ಮೊದಲು ಕೈ ಹಾಕುತ್ತಿರುವುದು ಅವಕ್ಕೇ.

ಮುಖಪುಟದ ಮೇಲೆ ತೋಪು, ಟ್ಯಾಂಕು ನೋಡಿ ನಿಮ್ಮಲ್ಲಿ ಕೆಲವರು ನನ್ನನ್ನು ಕೇಳಿದ್ದೀರಿ. "ಪರೀಕ್ಷೆ ಬಿಟ್ಟು ಇದೇನ್ರೀ ಸರ್?" "ಬಡಿದಾಟದ ಪುಸ್ತಕ ಸಣ್ಣ ಮಕ್ಕಳಿಗ್ಯಾಕ್ರೀ?" ಕೇಳಬೇಕಾದ ಮಾತೇ. ದಾರಿಯಲ್ಲಿ ನಿಂತು ಎರಡು ಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ ಅಂತ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮದು ಬೈಲಹೊಂಗಲ ತಾಲ್ಲೂಕು. ಬೈಲಹೊಂಗಲದಲ್ಲಿ ಕಿತ್ತೂರು ಚೆನ್ನಮ್ಮನ ಸಮಾಧಿ ಇದೆ. ಸಂಗೊಳ್ಳಿ ಇಲ್ಲೇ ಇದೆ, ಬೆಳವಡಿ ಇಲ್ಲೇ ಇದೆ. ಬೆಳಗಾವಿಯ ಕ್ಯಾಂಪಿನಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇದೆ. ನಮ್ಮ ಎಷ್ಟೋ ಮಕ್ಕಳ ಅಪ್ಪ, ಕಾಕಾ, ಮಾವ ಮಿಲಿಟರಿಯಲ್ಲಿದ್ದಾರೆ. ದೊಡ್ಡ ಹುಡುಗರು ಸೇನಾ ಭರ್ತಿಗೆ ಅಂತ ಬೆಳಗಿನ ಜಾವ ರಸ್ತೆಯಲ್ಲಿ ಓಡುತ್ತಿರುತ್ತಾರೆ. ಅಂದರೆ ಯುದ್ಧದ ಮಾತು ನಮ್ಮ ಮಕ್ಕಳಿಗೆ ಹೊಸದಲ್ಲ. ಮೊಬೈಲಿನಲ್ಲಿ ದಿನಾ ನೋಡುತ್ತಾರೆ. ಸಂಗೀತ ಸೇರಿಸಿದ ಅರ್ಧ ನಿಮಿಷದ ವಿಡಿಯೊ, ಕೆಳಗೆ ನಾಲ್ಕು ಸಾಲು ಆವೇಶದ ಮಾತು. ಅದನ್ನು ಯಾರು ಮಾಡಿದರು, ಎಲ್ಲಿಂದ ತಂದರು ಅಂತ ಯಾರೂ ಕೇಳುವುದಿಲ್ಲ. ಒಳ್ಳೆಯ ಇತಿಹಾಸದ ಪುಸ್ತಕ ಕೇಳುವುದು ಅದನ್ನೇ: ಇದು ಹೇಗೆ ಗೊತ್ತಾಯಿತು? ಈ ಒಂದು ಪ್ರಶ್ನೆ ಮಕ್ಕಳಿಗೆ ರೂಢಿಯಾಗಲಿ ಅಂತಲೇ ಈ ಪುಸ್ತಕಗಳನ್ನು ತರಿಸಿದ್ದೇವೆ.

ಕಿತ್ತೂರನ್ನೇ ತೆಗೆದುಕೊಳ್ಳಿ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಸತ್ತದ್ದು ಇಲ್ಲಿ ಎಲ್ಲರಿಗೂ ಗೊತ್ತು. ಚೆನ್ನಮ್ಮನ ಕಡೆಯವರು ಇಬ್ಬರು ಇಂಗ್ಲಿಷ್ ಅಧಿಕಾರಿಗಳನ್ನು ಸೆರೆ ಹಿಡಿದದ್ದು ಎಷ್ಟು ಮಕ್ಕಳಿಗೆ ಗೊತ್ತು? ಸ್ಟೀವನ್‌ಸನ್ ಒಬ್ಬ, ವಾಲ್ಟರ್ ಎಲಿಯಟ್ ಇನ್ನೊಬ್ಬ. ಇಬ್ಬರನ್ನೂ ಜೀವಸಹಿತ ಬಿಟ್ಟುಕೊಟ್ಟರು. ಇದೇ ಎಲಿಯಟ್ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿದ. ನಮ್ಮ ಹಳೆಯ ಇತಿಹಾಸ ತಿಳಿಯಲು ಅವು ಬಹಳ ನೆರವಾದವು. ಕೋಟೆಯಲ್ಲಿ ಸೆರೆಯಾಳಾಗಿದ್ದ ಹುಡುಗ ವಯಸ್ಸಿನ ಅಧಿಕಾರಿಗೆ ಏನೂ ಆಗದಂತೆ ನೋಡಿಕೊಂಡದ್ದು ಕೂಡ ಕಿತ್ತೂರಿನ ಕಥೆಯ ಭಾಗ. ಕತ್ತಿ ಹಿಡಿದ ಚಿತ್ರದಲ್ಲಿ ಇದು ಕಾಣುವುದಿಲ್ಲ. ನನಗಂತೂ ಚೆನ್ನಮ್ಮನ ದೊಡ್ಡತನ ಇದರಿಂದ ಇನ್ನೂ ಹೆಚ್ಚಿತು.

ಕಿತ್ತೂರಿನ ಬಗ್ಗೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ಬರೆದ ಪತ್ರಗಳಿವೆ. ನಮ್ಮ ಕಡೆ ಲಾವಣಿಗಳಿವೆ. ಕಿತ್ತೂರಿನ ಗಾದಿಗೆ ತಂದ ದತ್ತು ಮಗನನ್ನು ಕಂಪನಿ ಒಪ್ಪಲಿಲ್ಲ ಎಂಬ ಒಂದೇ ವಿಷಯ ಎರಡು ಕಡೆಯೂ ಬೇರೆ ಬೇರೆಯಾಗಿ ಕಾಣುತ್ತದೆ. ಪತ್ರದಲ್ಲಿ ತಾರೀಖು, ಸೈನಿಕರ ಲೆಕ್ಕ ಸಿಗುತ್ತದೆ, ಊರಿನ ಮಂದಿಗೆ ಏನನ್ನಿಸಿತು ಅನ್ನುವುದು ಸಿಗುವುದಿಲ್ಲ. ಲಾವಣಿಯಲ್ಲಿ ಅದು ಸಿಗುತ್ತದೆ, ಆದರೆ ಲೆಕ್ಕ ಕೇಳಿದರೆ ಲಾವಣಿ ಉತ್ತರ ಕೊಡುವುದಿಲ್ಲ. ಮುಧೋಳ ಕಡೆಯ ಹಲಗಲಿಯ ಬೇಡರ ವಿಷಯವೂ ಹೀಗೇ. ಆಯುಧ ಒಪ್ಪಿಸಿ ಅಂದ ಕಾನೂನಿಗೆ 1857ರಲ್ಲಿ ಅವರು ಎದುರು ನಿಂತರು. ಅವರ ಮೇಲಿನ ಲಾವಣಿಯನ್ನು ಸಂಗ್ರಹಿಸಿ ಉಳಿಸಿದವನು ಜಾನ್ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ. ಪತ್ರ, ಲಾವಣಿ ಎರಡನ್ನೂ ಪಕ್ಕಪಕ್ಕ ಇಟ್ಟು ಬರೆದ ಪುಸ್ತಕ ಓದಿದ ಹುಡುಗಿ ಮುಂದೆ ಪೇಪರ್ ಓದುವಾಗಲೂ ಎರಡು ಕಡೆಯ ಮಾತು ಹುಡುಕುತ್ತಾಳೆ.

ತಾಳಿಕೋಟಿ ಯುದ್ಧದ ಪಾಠ ಎಲ್ಲರೂ ಓದಿದ್ದೇವೆ. 1565ರ ಜನವರಿ, ರಾಮರಾಯನ ಸೋಲು, ವಿಜಯನಗರದ ಪತನ. ಇಷ್ಟು ಬರೆದರೆ ಅಂಕ ಸಿಗುತ್ತದೆ. ಆದರೆ ಯಾಕೆ ಸೋತರು? ವಿಜಯಪುರದ ಆದಿಲ್‌ಶಾಹಿ ಆಸರೆಯಲ್ಲಿ ಇತಿಹಾಸ ಬರೆದ ಫೆರಿಷ್ತಾ ಸುಲ್ತಾನರ ತೋಪುಗಳ ಬಗ್ಗೆ ಹೇಳುತ್ತಾನೆ. ಗುಂಡಿನ ಬದಲು ತಾಮ್ರದ ನಾಣ್ಯ ತುಂಬಿ ಹಾರಿಸಿದ್ದನ್ನು ವರ್ಣಿಸುತ್ತಾನೆ. 1567ರಲ್ಲಿ ವಿಜಯನಗರಕ್ಕೆ ಬಂದ ಇಟಲಿಯ ವ್ಯಾಪಾರಿ ಫೆಡೆರಿಚಿ, ರಾಮರಾಯನ ಇಬ್ಬರು ಸರದಾರರು ಕೈಕೊಟ್ಟರು ಅಂತ ಬರೆದ. ಫೆರಿಷ್ತಾ, ಫೆಡೆರಿಚಿ ಇಬ್ಬರೂ ಯುದ್ಧವನ್ನು ಕಣ್ಣಾರೆ ನೋಡಿದವರಲ್ಲ. ಸೈನ್ಯದ ಸಂಖ್ಯೆಯನ್ನಂತೂ ಹಳೆಯ ಬರಹಗಾರರು ಲಕ್ಷಗಟ್ಟಲೆ ಏರಿಸಿದ್ದಾರೆ. ಅಷ್ಟು ಮಂದಿಗೆ, ಅಷ್ಟು ಕುದುರೆಗೆ ನೀರು, ಮೇವು ಎಲ್ಲಿಂದ ಬಂತು ಅಂತ ಒಂದು ಸಲ ಲೆಕ್ಕ ಹಾಕಿದರೆ ಸಂಶಯ ತಾನಾಗಿ ಬರುತ್ತದೆ. ಯುದ್ಧ ನಡೆದದ್ದು ತಾಳಿಕೋಟಿ ಊರಲ್ಲೇ ಅಲ್ಲ, ಕೃಷ್ಣೆಯ ದಂಡೆಯ ರಕ್ಕಸಗಿ, ತಂಗಡಗಿ ಕಡೆ ಎನ್ನುತ್ತಾರೆ. ಸರಿಯಾದ ಬಯಲು ಯಾವುದು ಎಂಬ ಚರ್ಚೆ ಇನ್ನೂ ಇದೆ. ವಿಜಯಪುರಕ್ಕೆ ಹೋದಾಗ ಮಲಿಕ್-ಎ-ಮೈದಾನ್ ತೋಪಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತೇವೆ, ಅಲ್ವಾ? ಸುಮಾರು 55 ಟನ್ ತೂಕದ ಆ ತೋಪನ್ನು ಎರಕ ಹೊಯ್ದದ್ದು 1549ರಲ್ಲಿ, ಅಹಮದ್‌ನಗರದಲ್ಲಿ. ಲಾರಿ, ಕ್ರೇನ್ ಇಲ್ಲದ ಕಾಲದಲ್ಲಿ ಅದನ್ನು ಹೇಗೆ ಸಾಗಿಸಿದರು? ಮಕ್ಕಳು ಇದನ್ನು ಕೇಳಲು ಶುರು ಮಾಡಿದರೆ ಗಣಿತ, ವಿಜ್ಞಾನ ಎರಡೂ ಒಳಗೆ ಬರುತ್ತವೆ.

ಪರೀಕ್ಷೆಯ ಮಾತಿಗೆ ಒಂದು ಉದಾಹರಣೆ ಹೇಳುತ್ತೇನೆ. ಮೊದಲ ಮಹಾಯುದ್ಧದಲ್ಲಿ, ಇಂದಿನ ಇರಾಕಿನ ಕುತ್ ಎಂಬ ಊರಿನಲ್ಲಿ ಬ್ರಿಟಿಷ್ ಭಾರತದ ಸೈನ್ಯ ಮುತ್ತಿಗೆಗೆ ಸಿಕ್ಕಿತು. 1915ರ ಡಿಸೆಂಬರ್‌ನಿಂದ 1916ರ ಏಪ್ರಿಲ್ 29ರವರೆಗೆ. ಒಳಗಿದ್ದವರಲ್ಲಿ ಭಾರತದ ಸಿಪಾಯಿಗಳೇ ಹೆಚ್ಚು, ಮರಾಠಾ ಪಲ್ಟನ್‌ಗಳೂ ಇದ್ದವು. ಊಟ ಮುಗಿಯುತ್ತ ಬಂತು. ಬ್ರಿಟಿಷ್ ಸೈನಿಕರು ಬಿಳಿ ಹಿಟ್ಟಿನ ಬ್ರೆಡ್ ಮತ್ತು ಕುದುರೆ ಮಾಂಸ ತಿಂದರು. ಅವರಿಗೆ ಬೆರಿಬೆರಿ ಬಂತು. ನಮ್ಮವರು ತೌಡು ಇದ್ದ ಹಿಟ್ಟಿನ ರೊಟ್ಟಿ ತಿಂದರು, ಬೆರಿಬೆರಿ ಅವರ ಹತ್ತಿರ ಬರಲಿಲ್ಲ. ಆದರೆ ಬಹಳ ಮಂದಿ ಕುದುರೆ ಮಾಂಸ ಮುಟ್ಟಲಿಲ್ಲ, ಕಾಯಿಪಲ್ಲೆ ಇರಲಿಲ್ಲ. ಅವರಿಗೆ ಸ್ಕರ್ವಿ ಬಂತು. ವಿಟಮಿನ್ ಬಿ1 ಸಾಲದಿದ್ದರೆ ಬೆರಿಬೆರಿ, ವಿಟಮಿನ್ ಸಿ ಸಾಲದಿದ್ದರೆ ಸ್ಕರ್ವಿ ಅಂತ ನಾವು ಬೋರ್ಡಿನ ಮೇಲೆ ಬರೆಸುವ ಪಾಠ ಇದೇ. ಹೀಗೆ ಓದಿದ ಮಗು ಅದನ್ನು ಮರೆಯುವುದಿಲ್ಲ.

ಕೊನೆಗೆ ಸುಮಾರು 13,000 ಮಂದಿ ಶರಣಾದರು. ಎಷ್ಟೋ ಜನ ಸೆರೆಯಲ್ಲೇ ಸತ್ತರು. ನದಿಯಲ್ಲಿ ಸಾಮಾನು ಸಾಗಿಸಲು ಸಾಕಷ್ಟು ದೋಣಿ ಇರಲಿಲ್ಲ, ಗಾಯಾಳುಗಳಿಗೆ ಔಷಧಿ, ಡಾಕ್ಟರು ಸಾಲಲಿಲ್ಲ. ವಿಚಾರಣಾ ಆಯೋಗ 1917ರಲ್ಲಿ ಈ ಅವ್ಯವಸ್ಥೆಯನ್ನೆಲ್ಲ ಬರೆದಿಟ್ಟಿತು. ಬ್ರಿಟಿಷ್ ಸರ್ಕಾರದಲ್ಲಿ ಭಾರತ ವ್ಯವಹಾರದ ಮಂತ್ರಿಯಾಗಿದ್ದವರು ರಾಜೀನಾಮೆ ಕೊಡಬೇಕಾಯಿತು. ಒಬ್ಬ ಸೇನಾಪತಿಯ ಶೌರ್ಯವೋ ಹೇಡಿತನವೋ ಅಷ್ಟೇ ಯುದ್ಧವಲ್ಲ. ಹಿಟ್ಟು, ದೋಣಿ, ಔಷಧಿ, ಕಾಗದಪತ್ರ ಎಲ್ಲ ಸೇರಿ ಯುದ್ಧ. ನಮ್ಮ ಹೊಸ ಪುಸ್ತಕಗಳಲ್ಲಿ ನನಗೆ ಹೆಚ್ಚು ಇಷ್ಟವಾದವು ಇದನ್ನು ಬಿಡಿಸಿ ಹೇಳುವಂಥವು.

ಇನ್ನು ಮನಸ್ಸು ಕಲ್ಲಾಗುತ್ತದೆ ಎಂಬ ಭಯ. ಆ ಮೊದಲ ಮಹಾಯುದ್ಧದಲ್ಲಿ ಭಾರತದಿಂದ ಹೊರದೇಶಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಹೋದರು, 70,000ಕ್ಕೂ ಹೆಚ್ಚು ಮಂದಿ ತಿರುಗಿ ಬರಲಿಲ್ಲ. ಫ್ರಾನ್ಸಿನಲ್ಲಿದ್ದ ಸಿಪಾಯಿಗಳು ಊರಿಗೆ ಬರೆದ ಕಾಗದಗಳನ್ನು ಸೆನ್ಸಾರ್ ಕಚೇರಿ ತೆರೆದು ಓದುತ್ತಿತ್ತು, ಬೇಕಾದ ಸಾಲುಗಳನ್ನು ಇಂಗ್ಲಿಷಿಗೆ ಮಾಡಿಸಿ ಇಟ್ಟುಕೊಳ್ಳುತ್ತಿತ್ತು. ಆ ಅನುವಾದಗಳು ಇಂದಿಗೂ ಲಂಡನ್ನಿನಲ್ಲಿ ಇವೆ. ಚಳಿ, ಮನೆಯ ನೆನಪು, ಎಮ್ಮೆ, ಹೊಲ, ಸಾಲ. ಇಂಥ ಸಾಲುಗಳನ್ನು ಓದಿದ ಮಕ್ಕಳು ಕ್ಲಾಸಿನಲ್ಲಿ ಹೆಚ್ಚು ಮೆತ್ತಗಾಗಿ ಮಾತಾಡುವುದನ್ನು ನಾನು ನೋಡುತ್ತಿದ್ದೇನೆ. ಆದರೂ ಕೆಲವು ಪುಟಗಳು ಮನಸ್ಸು ಕಲಕುವಂತಿವೆ, ಅಂಥ ಫೋಟೊಗಳೂ ಇವೆ. ಅಂಥ ಪುಸ್ತಕಗಳನ್ನು ಹತ್ತನೇ ತರಗತಿಯವರಿಗೆ ಮಾತ್ರ ಕೊಡುತ್ತೇವೆ, ಅದೂ ಮೊದಲು ಶಿಕ್ಷಕರು ಓದಿದ ಮೇಲೆ. ಮನೆಯಲ್ಲಿ ಯೋಧರನ್ನು ಕಳೆದುಕೊಂಡ ಮಕ್ಕಳಿದ್ದಾರೆ. ಅವರಿಗೆ ಇವುಗಳನ್ನು ಓದು ಎಂದು ಯಾರೂ ಹೇಳುವುದಿಲ್ಲ. ಅವರಾಗಿ ಕೇಳಿದರೆ ನಾನೇ ಜೊತೆಗೆ ಕೂತು ಓದುತ್ತೇನೆ.

ಈಗ ಇಂಥ ಪುಸ್ತಕಗಳು ಯಾಕೆ ಇಷ್ಟು ಬರುತ್ತಿವೆ ಅಂತಲೂ ಕೇಳಿದ್ದೀರಿ. 1971ರ ಯುದ್ಧ ನೋಡಿದವರಿಗೆ ಈಗ ವಯಸ್ಸಾಗಿದೆ, 1999ರ ಕಾರ್ಗಿಲ್‌ನಲ್ಲಿದ್ದ ಅನೇಕರು ನಿವೃತ್ತರಾಗಿದ್ದಾರೆ. ಅವರು ನೆನಪು ಬರೆಯುತ್ತಿದ್ದಾರೆ, ಬೇರೆಯವರು ಅವರನ್ನು ಮಾತಾಡಿಸಿ ಬರೆಯುತ್ತಿದ್ದಾರೆ. ಇನ್ನೊಂದು, 2021ರಲ್ಲಿ ರಕ್ಷಣಾ ಸಚಿವಾಲಯ ಒಂದು ನೀತಿ ತಂದಿತು. ಸಾಮಾನ್ಯವಾಗಿ 25 ವರ್ಷ ದಾಟಿದ ಯುದ್ಧ ದಾಖಲೆಗಳನ್ನು ಪರಿಶೀಲಿಸಿ ರಾಷ್ಟ್ರೀಯ ಪತ್ರಾಗಾರಕ್ಕೆ ಕೊಡಬೇಕು ಎನ್ನುತ್ತದೆ ಅದು. ಕಡತ ತೆರೆದಷ್ಟೂ ಹೊಸ ಪುಸ್ತಕ ಬರುತ್ತವೆ. ಆದರೆ ಕನ್ನಡದಲ್ಲಿ ಇವು ಇನ್ನೂ ಕಡಿಮೆ. ಅದಕ್ಕೇ ಇಂಗ್ಲಿಷಿನವನ್ನೂ ತರಿಸಿದ್ದೇವೆ. ನಮ್ಮ ಮಕ್ಕಳಲ್ಲಿ ಯಾರಾದರೂ ಮುಂದೆ ಕನ್ನಡದಲ್ಲೇ ಬರೆಯಲಿ ಎಂಬುದು ನನ್ನ ದೊಡ್ಡ ಆಸೆ.

ಹೊಸದೆಲ್ಲ ಒಳ್ಳೆಯದೂ ಅಲ್ಲ. ನೀವು ಮನೆಗೆ ಕೊಳ್ಳುವಾಗ ಮೊದಲ ಪುಟಗಳನ್ನು ನೋಡಿ. ಮೊದಲ ಮುದ್ರಣ ಯಾವ ವರ್ಷದ್ದು ಅಂತ ಅಲ್ಲಿ ಇರುತ್ತದೆ. ಹಳೆಯ ಪುಸ್ತಕಕ್ಕೆ ಹೊಸ ಹೊದಿಕೆ ಹಾಕಿ ಮಾರುವುದು ಜಾಸ್ತಿಯಾಗಿದೆ. ನಕ್ಷೆ ಇದೆಯೇ ನೋಡಿ. ನಕ್ಷೆ ಇಲ್ಲದ ಯುದ್ಧದ ಪುಸ್ತಕವನ್ನು ನಾವು ತರಿಸಲೇ ಇಲ್ಲ. ಲೇಖಕರು ಮಾಹಿತಿಯನ್ನು ಎಲ್ಲಿಂದ ತೆಗೆದುಕೊಂಡರು ಅಂತ ಹೇಳಿದ್ದಾರೆಯೇ ನೋಡಿ. ಎದುರಾಳಿ ಕಡೆಯವರೆಲ್ಲ ದಡ್ಡರು, ಹೇಡಿಗಳು ಅಂತ ಬರೆದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ದಡ್ಡರ ಮೇಲೆ ಗೆದ್ದರೆ ನಮ್ಮ ಸೈನಿಕರಿಗೆ ಅದರಲ್ಲಿ ಯಾವ ಗೌರವ?

ಹೆಣ್ಣು ಮಕ್ಕಳ ಪೋಷಕರಿಗೆ ಒಂದು ಮಾತು. ಇದು ಗಂಡು ಹುಡುಗರ ಕಪಾಟಲ್ಲ. ಚೆನ್ನಮ್ಮ, ಬೆಳವಡಿ ಮಲ್ಲಮ್ಮ ಇದ್ದ ನೆಲ ಇದು. ಕಿತ್ತೂರಿನಲ್ಲಿ ಹುಡುಗಿಯರ ಸೈನಿಕ ಶಾಲೆ ಇದೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ 2022ರಿಂದ ಹುಡುಗಿಯರೂ ಸೇರುತ್ತಿದ್ದಾರೆ. ನಿಮ್ಮ ಮಗಳು ತೋಪಿನ ಪುಸ್ತಕ ತಂದರೆ ಓದಲು ಬಿಡಿ.

ನಿಮ್ಮಿಂದ ಬೇಕಾದದ್ದು ಹೆಚ್ಚೇನಿಲ್ಲ. ಪುಸ್ತಕ ಎರಡು ವಾರ ಮನೆಯಲ್ಲಿರುತ್ತದೆ. ರಾತ್ರಿ ಊಟಕ್ಕೆ ಮೊದಲು ಟಿವಿ, ಮೊಬೈಲು ಬದಿಗಿಟ್ಟು ಮಗು ಜೋರಾಗಿ ಓದಲಿ, ನೀವು ಕೇಳಿ. ನಿಮಗೆ ಓದು ಬರದಿದ್ದರೂ ಅಡ್ಡಿಯಿಲ್ಲ. "ಇದು ಅವರಿಗೆ ಹೆಂಗ್ ಗೊತ್ತಾತು?" ಅಂತ ಒಂದು ಸಲ ಕೇಳಿದರೆ ಸಾಕು. ಅಜ್ಜ, ಅಮ್ಮಗೆ ರಾಯಣ್ಣನ ಲಾವಣಿ, ಗೀಗೀ ಪದ ಬರುತ್ತಿದ್ದರೆ ಮಕ್ಕಳು ಬರೆದುಕೊಳ್ಳಲಿ. ಅದನ್ನು ಶಾಲೆಗೆ ತಂದರೆ ಗ್ರಂಥಾಲಯದಲ್ಲೇ ಇಡುತ್ತೇವೆ. ಪುಟ ಹರಿದರೆ ಮಗುವಿಗೆ ಹೊಡೆಯಬೇಡಿ, ಕಳಿಸಿಕೊಡಿ, ಅಂಟಿಸುತ್ತೇವೆ.

ಮನೆಯಲ್ಲಿ ಮಾಜಿ ಸೈನಿಕರ ಹಳೆಯ ಫೋಟೊ, ಕಾಗದ, ಪದಕ ಇದ್ದರೆ ತೋರಿಸಲು ತನ್ನಿ. ಪ್ರತಿ ತೆಗೆದು ಅಲ್ಲೇ ನಿಮ್ಮ ಕೈಗೆ ವಾಪಸ್ ಕೊಡುತ್ತೇವೆ. ಮೂಲ ಕಾಗದಗಳನ್ನು ಮಕ್ಕಳ ಕೈಯಲ್ಲಿ ಕಳಿಸಬೇಡಿ. ಈಗ ಸೇವೆಯಲ್ಲಿರುವವರ ಊರು, ಪಲ್ಟನ್, ರಜೆಯ ತಾರೀಖು ಯಾವುದನ್ನೂ ಶಾಲೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಬೇಡಿ. ಇದನ್ನು ಮಕ್ಕಳಿಗೂ ಗಟ್ಟಿಯಾಗಿ ಹೇಳಿದ್ದೇವೆ.

ಶನಿವಾರ ಮುಂಜಾನೆ ಶಾಲೆ ಬಿಟ್ಟ ಮೇಲೆ ಗ್ರಂಥಾಲಯ ಪೋಷಕರಿಗೂ ತೆರೆದಿರುತ್ತದೆ. ಬನ್ನಿ, ನೋಡಿ, ನಿಮಗೆ ಬೇಕಾದ ಪುಸ್ತಕದ ಹೆಸರನ್ನು ಅಲ್ಲಿಟ್ಟ ವಹಿಯಲ್ಲಿ ಬರೆಯಿರಿ. ಮುಂದಿನ ಖರೀದಿಗೆ ಮೊದಲು ಎಸ್‌ಡಿಎಂಸಿ ಸಭೆಯಲ್ಲಿ ಆ ವಹಿಯನ್ನೇ ಮುಂದಿಟ್ಟುಕೊಂಡು ಪಟ್ಟಿ ಮಾಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು